ಆಡಿಗೆಂತ ಬಯಕೆಯೂಟ?

“ಆಡಿಗೆಂತ ಬಯಕೆಯೂಟ ಮಾರಾಯ್ರೆ? ಅದ್ ತನ್ನಷ್ಟಕ್ಕೇ ಮರಿ ಹಾಕತ್ತ್.” ಉಡುಪಿ ಜಿಲ್ಲೆಯ ಶಿರೂರಿನಿಂದ ಹಿಡಿದು ಬಾರ್ಕೂರಿನವರೆಗೆ ಯಾರ ಅಂಗಳದಲ್ಲಿ ನಿಂತು ಕೇಳಿದರೂ ಗಬ್ಬದ ಆಡಿನ ಬಗ್ಗೆ ಸಿಗುವ ಉತ್ತರ ಇದೇ. ಹೇಳುವವರು ಕ್ರೂರಿಗಳೇನಲ್ಲ. ಅದೇ ಮನೆಯಲ್ಲಿ ದನ ಗಬ್ಬವಿದ್ದರೆ ಹಾಲಿನ ಸೊಸೈಟಿಯಿಂದ ಹಿಂಡಿಯ ಮೂಟೆ ಬಂದಿರುತ್ತದೆ, ಅಕ್ಕಚ್ಚಿಗೆ ಒಂದು ಹಿಡಿ ತೌಡು ಹೆಚ್ಚೇ ಬಿದ್ದಿರುತ್ತದೆ, ದಿನ ಹತ್ತಿರ ಬಂತೆಂದು ನಡುರಾತ್ರಿ ಎದ್ದು ಹಟ್ಟಿಗೆ ಟಾರ್ಚು ಬಿಟ್ಟು ನೋಡುವವರಿರುತ್ತಾರೆ. ಅದೇ ಹಟ್ಟಿಯ ಮೂಲೆಯಲ್ಲಿ ಕಟ್ಟಿದ ಆಡಿಗೆ ಇದ್ಯಾವುದೂ ಇಲ್ಲ. ಆಡು ತಾನೇ ಮೇಯುತ್ತದೆ, ತಾನೇ ಗಬ್ಬವಾಗುತ್ತದೆ, ತಾನೇ ಈಯುತ್ತದೆ. ಈಯಲಾಗದೆ ಸತ್ತರೆ ಅದು ಅದರ ಹಣೆಬರಹ, ಇಲ್ಲವೇ ಯಾರದೋ ದೃಷ್ಟಿ.

ಈ ನಂಬಿಕೆ ತಪ್ಪು ಎಂಬುದಷ್ಟೇ ನನ್ನ ತಕರಾರಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ತಪ್ಪು ನಂಬಿಕೆಗಳು ನೂರಿವೆ. ಆದರೆ ಇದು ಆಡನ್ನು ಕೊಂದು, ಕೊಂದ ಮೇಲೂ ತಾನೇ ಸರಿ ಎಂದು ಸಾಧಿಸುವ ನಂಬಿಕೆ. “ನೋಡಿ, ಮರಿ ಸಿಕ್ಕಿಕೊಂಡು ಸತ್ತಿತು, ತಿಂದದ್ದು ಹೆಚ್ಚಾಯಿತು” ಎಂದು ಹೆಣದ ಮುಂದೆ ನಿಂತು ತೀರ್ಪು ಕೊಡುತ್ತದೆ. ಈಯುವಾಗ ಸತ್ತಿತು ಎಂದು ನಾವು ಹೇಳುವ ಆಡುಗಳಲ್ಲಿ ಎಷ್ಟೋ ಆಡುಗಳು ಈಯುವುದಕ್ಕೆ ಒಂದೂವರೆ ತಿಂಗಳು ಮೊದಲೇ ಸಾಯಲು ಶುರುಮಾಡಿರುತ್ತವೆ. ನಾವು ಕೊನೆಯ ರಾತ್ರಿಯನ್ನು ಮಾತ್ರ ನೋಡಿ ಇಡೀ ಕತೆಯನ್ನು ಆ ರಾತ್ರಿಯ ತಲೆಗೆ ಕಟ್ಟುತ್ತೇವೆ.

ನಂಬಿಕೆಯ ಅತ್ಯಂತ ಗಟ್ಟಿ ರೂಪದಿಂದಲೇ ಶುರುಮಾಡೋಣ. “ಕೊನೇ ತಿಂಗಳಲ್ಲಿ ತಿಂಡಿ ಕಡಿಮೆ ಮಾಡಿ. ಮರಿ ದೊಡ್ಡದಾದರೆ ಹೊರಗೆ ಬರುವುದು ಕಷ್ಟ.” ಕೇಳಲು ಬಹಳ ತರ್ಕಬದ್ಧ. ಹಿರಿಯರ ಅನುಭವದ ಮುದ್ರೆಯೂ ಇದೆ. ಆದರೆ ಆಡಿನ ಹೊಟ್ಟೆಯೊಳಗೆ ನಡೆಯುವುದು ಇದಕ್ಕೆ ತಿರುಗುಮುರುಗು.

ಆಡಿನ ಗರ್ಭಕಾಲ ಸುಮಾರು 150 ದಿನ. ಮೊದಲ ನೂರು ದಿನಗಳಲ್ಲಿ ಮರಿ ಬೆಳೆಯುವುದು ಅತ್ಯಲ್ಪ. ಹುಟ್ಟುವಾಗಿನ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಕೂಡಿಕೊಳ್ಳುವುದು ಕೊನೆಯ ಆರು ವಾರಗಳಲ್ಲಿ. ಅವಳಿ ಮರಿಯಿದ್ದರೆ ಆ ಅವಧಿಯಲ್ಲಿ ತಾಯಿಗೆ ಬೇಕಾಗುವ ಶಕ್ತಿ ಸಾಮಾನ್ಯ ದಿನಗಳ ಹೆಚ್ಚುಕಡಿಮೆ ಇಮ್ಮಡಿ. ಅದೇ ಹೊತ್ತಿಗೆ ಹಿಗ್ಗಿದ ಗರ್ಭಕೋಶ ಪಕ್ಕದ ಮೇವಿನ ಚೀಲವನ್ನು ಒತ್ತಿ ಅದರ ಜಾಗವನ್ನು ಕಬಳಿಸುತ್ತದೆ. ಬೇಕಾದದ್ದು ಎರಡರಷ್ಟು, ಹಿಡಿಸುವುದು ಮೊದಲಿಗಿಂತ ಕಡಿಮೆ. ಹಾಗಾಗಿ ಈ ಹೊತ್ತಿನಲ್ಲಿ ಆಡಿಗೆ ಬರಿಯ ಒಣ ಬೈಹುಲ್ಲು, ಬಲಿತ ಸೊಪ್ಪು ಹಾಕಿದರೆ ಅದು ಹೊಟ್ಟೆ ತುಂಬಿಕೊಂಡೇ ಉಪವಾಸ ಬೀಳುತ್ತದೆ. ನಾವೋ ಅದನ್ನೂ ಕಡಿಮೆ ಮಾಡುತ್ತೇವೆ, ಹೆರಿಗೆ ಸುಲಭವಾಗಲಿ ಎಂದು.

ಮರಿಗಳು ಕಾಯುವುದಿಲ್ಲ. ತಾಯಿಯ ರಕ್ತದ ಸಕ್ಕರೆಯನ್ನು ಅವು ಎಳೆದುಕೊಳ್ಳುತ್ತಲೇ ಇರುತ್ತವೆ. ಹೊರಗಿನಿಂದ ಬರದಿದ್ದಾಗ ತಾಯಿಯ ದೇಹ ತನ್ನ ಮೈಯ ಕೊಬ್ಬನ್ನು ಕರಗಿಸಲು ಹೊರಡುತ್ತದೆ. ಕೊಬ್ಬು ರಭಸದಿಂದ ಯಕೃತ್ತಿಗೆ ಬಂದು ಬಿದ್ದಾಗ ಅದನ್ನು ಪೂರ್ತಿ ಉರಿಸಲು ಅದಕ್ಕೆ ಸಾಧ್ಯವಾಗದೆ ಕೀಟೋನ್ ಎಂಬ ವಸ್ತುಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ, ಯಕೃತ್ತಿಗೇ ಕೊಬ್ಬು ಮೆತ್ತುತ್ತದೆ. ಪಶುವೈದ್ಯರು ಗರ್ಭನಂಜು ಎನ್ನುವುದು ಇದನ್ನೇ. ಅದರ ಲಕ್ಷಣಗಳು ಇವು: ಹಿಂಡಿನ ಹಿಂದೆ ಉಳಿಯುವುದು, ಮೊದಲು ಹಿಂಡಿ ಬಿಡುವುದು, ಆಮೇಲೆ ಸೊಪ್ಪನ್ನೂ ಮೂಸಿ ಸುಮ್ಮನಾಗುವುದು, ಹಲ್ಲು ಕಡಿಯುವುದು, ಕಾಲಿನ ಕೆಳಭಾಗ ಊದುವುದು, ಹಿಕ್ಕೆ ಸಣ್ಣದಾಗಿ ಒಣಗಿ ಬರುವುದು. ಬಾಯಿಯ ಹತ್ತಿರ ಮೂಗು ಹಿಡಿದರೆ ಕೊಳೆತ ಹಣ್ಣಿನಂಥ, ಉಗುರುಬಣ್ಣ ಅಳಿಸುವ ದ್ರಾವಣದಂಥ ಸಿಹಿ ಘಾಟು. ಕೊನೆಗೆ ಕಣ್ಣು ಕಾಣದೆ ಗೋಡೆಗೆ ತಲೆಯೊತ್ತಿ ನಿಂತು, ಮಲಗಿದರೆ ಏಳದಂತಾಗಿ, ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಇಷ್ಟರಲ್ಲಿ ಅಕ್ಕಪಕ್ಕದವರು “ಜ್ವರ”, “ಶೀತ”, “ದೃಷ್ಟಿ”, “ಹಾವು ಮುಟ್ಟಿದ್ದು” ಎಂದು ನಾಲ್ಕು ಹೆಸರು ಇಟ್ಟಿರುತ್ತಾರೆ. ಹಸಿವು ಎಂಬ ಐದನೆಯ ಹೆಸರು ಮಾತ್ರ ಯಾರ ಬಾಯಿಗೂ ಬರುವುದಿಲ್ಲ, ಏಕೆಂದರೆ ಹೊಟ್ಟೆ ಉಬ್ಬಿಯೇ ಇತ್ತಲ್ಲ!

ಹಾಗಾದರೆ ದೊಡ್ಡ ಮರಿ ಸಿಕ್ಕಿಕೊಳ್ಳುವುದು ಸುಳ್ಳೇ? ಸುಳ್ಳಲ್ಲ. ಆದರೆ ಅದರ ಅಪರಾಧಿ ಹಿಂಡಿಯ ಬಟ್ಟಲಲ್ಲ, ಹೋತ. ಹದಿನೈದಿಪ್ಪತ್ತು ಕಿಲೋ ತೂಗುವ ಊರಿನ ಗಿಡ್ಡ ಆಡಿಗೆ, ಅದೂ ಇನ್ನೂ ಮೈ ತುಂಬದ ಮೊದಲ ಸೂಲಿನದಕ್ಕೆ, ದಕ್ಷಿಣ ಆಫ್ರಿಕಾ ಮೂಲದ ಬೋಯರ್ ಹೋತವನ್ನೋ ರಾಜಸ್ಥಾನದ ಸಿರೋಹಿಯನ್ನೋ ಬಿಟ್ಟು, ಮರಿ ಬೇಗ ತೂಕ ಬರುತ್ತದೆ, ಹಬ್ಬಕ್ಕೆ ಒಳ್ಳೆ ರೇಟು ಸಿಗುತ್ತದೆ ಎಂದು ಲೆಕ್ಕ ಹಾಕಿದವರು ನಾವು. ಅದರ ತಪ್ಪನ್ನು ಮುಚ್ಚಲು ಐದನೇ ತಿಂಗಳಲ್ಲಿ ತಾಯಿಯನ್ನು ಉಪವಾಸ ಕೆಡವಿದರೆ ಮರಿಯ ಎಲುಬಿನ ಗಾತ್ರ ಗಿಡ್ಡ ಆಡಿಗೆ ತಕ್ಕಂತಾಗುವುದಿಲ್ಲ. ತಾಯಿಗೆ ಮುಕ್ಕುವ ಶಕ್ತಿ ಉಡುಗುತ್ತದೆ, ಕೆಚ್ಚಲಿಗೆ ಗಿಣ್ಣು ಇಳಿಯುವುದಿಲ್ಲ, ಹುಟ್ಟಿದ ಮರಿಯ ಮೈಯಲ್ಲಿ ಚಳಿ ತಡೆಯುವ ಕೊಬ್ಬು ಇರುವುದಿಲ್ಲ. ಅಂದರೆ ಯಾವ ಹೆರಿಗೆ ಸುಲಭವಾಗಲಿ ಎಂದು ಉಪವಾಸ ಹಾಕಿದೆವೋ ಅದೇ ಹೆರಿಗೆಯನ್ನು ನಾವೇ ಕಷ್ಟಕ್ಕೆ ದೂಡಿದೆವು.

ಎದುರು ಪಕ್ಷದವರ ಬತ್ತಳಿಕೆಯಲ್ಲಿ ಉಳಿಯುವ ದೊಡ್ಡ ಬಾಣ ಅಜ್ಜಿಯದು. “ನಮ್ಮ ಅಜ್ಜಿ ಹತ್ತು ಆಡು ಸಾಕಿದ್ದರು, ಒಂದಕ್ಕೂ ಡಾಕ್ಟ್ರು ಬಂದದ್ದಿಲ್ಲ.” ಅಜ್ಜಿಯ ಮೇಲೆ ನನಗೆ ಅಪಾರ ಗೌರವವಿದೆ, ಆದ್ದರಿಂದಲೇ ಅಜ್ಜಿಯ ಆಡು ಯಾವುದು, ಅದು ಎಲ್ಲಿ ಮೇಯುತ್ತಿತ್ತು ಎಂದು ಕೇಳಬೇಕೆನಿಸುತ್ತದೆ. ಅದು ಸಣ್ಣ ಮೈಯ ಊರ ಆಡು, ಹೆಚ್ಚಾಗಿ ಒಂದೇ ಮರಿಯದು. ಬೆಳಿಗ್ಗೆ ಬಿಟ್ಟರೆ ಹಾಡಿ, ಗುಡ್ಡೆ, ಗದ್ದೆಯ ಅಂಚು ಎಂದು ಸಂಜೆಯವರೆಗೆ ನಡೆಯುತ್ತಿತ್ತು. ಇಲ್ಲಿ ಒಂದು ಚಿಗುರು, ಅಲ್ಲಿ ಒಂದು ಕಾಯಿ ಎಂದು ತನಗೆ ಬೇಕಾದದ್ದನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನಾವು ಆಡಿಗೆ ಏನು ಹಾಕಿದರೂ ಆದೀತು ಎಂಬ ಪರವಾನಗಿ ಮಾಡಿಕೊಂಡಿದ್ದೇವೆ. ನಿಜದಲ್ಲಿ ದನಕ್ಕಿಂತ ಆಡಿನ ನಾಲಗೆ ಹೆಚ್ಚು ಚೂಟಿ. ನೂರು ಗಿಡ ಮುಟ್ಟುವುದೇ ಅದರಲ್ಲಿ ಒಳ್ಳೆಯ ಹತ್ತನ್ನು ಹೆಕ್ಕಲು. ಈಗ ಆ ಗುಡ್ಡೆಯಲ್ಲಿ ಅಕೇಶಿಯಾ ಇದೆ, ಇಲ್ಲವೇ ಸೈಟ್ ಇದೆ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದ ಮೇಲೆ ಮರವಂತೆಯಿಂದ ಕೋಟದವರೆಗೆ ರಸ್ತೆ ಬದಿಯ ಮನೆಯವರು ಆಡನ್ನು ಬಿಡುವುದೆಂದರೆ ಲಾರಿಯ ಬಾಯಿಗೆ ಕೊಟ್ಟಂತೆ. ಆಡು ಮೂರು ಮಾರು ಹಗ್ಗದ ತುದಿಯಲ್ಲಿದೆ, ಅಥವಾ ಅಡಕೆ ದಬ್ಬೆಯ ಅಟ್ಟದ ಮೇಲೆ. ತಳಿಯೂ ಬದಲಾಗಿದೆ. ಕೇರಳದ ಮಲಬಾರಿ ಈಗ ಇಲ್ಲಿ ಸಾಮಾನ್ಯ. ಅದು ಅವಳಿ ಹಾಕುವುದು ಮಾಮೂಲು, ಮೂರು ಹಾಕಿದರೂ ಆಶ್ಚರ್ಯವಿಲ್ಲ. ಅಜ್ಜಿಯ ಆಡು ಬಿಟ್ಟಿಯಾಗಿ ಪಡೆದದ್ದನ್ನೆಲ್ಲ ಕಿತ್ತುಕೊಂಡು, ಹೊಟ್ಟೆಗೆ ಎರಡು ಮೂರು ಮರಿ ತುಂಬಿ, ಅಜ್ಜಿಯ ಕಾಲದ ನಿರ್ಲಕ್ಷ್ಯವನ್ನು ಮಾತ್ರ ಸಂಪ್ರದಾಯವೆಂದು ಉಳಿಸಿಕೊಂಡಿದ್ದೇವೆ.

ಅಜ್ಜಿಯ ಕಾಲದಲ್ಲೂ ಮಳೆಗಾಲದ ಆಡು ಸಾಯುತ್ತಿತ್ತು, ಅದು ಬೇರೆ ಮಾತು. ಸತ್ತದ್ದನ್ನು ಯಾರೂ ಎಣಿಸಲಿಲ್ಲ.

ಎಣಿಸದಿರುವುದೇ ಈ ನಂಬಿಕೆಯ ಬೆನ್ನೆಲುಬು. ಯಾವ ದಿನ ಹೋತಕ್ಕೆ ಕೊಟ್ಟದ್ದು ಎಂದು ಕೇಳಿ ನೋಡಿ. “ದೀಪಾವಳಿಯ ಆಚೆಯೋ ಈಚೆಯೋ” ಎನ್ನುತ್ತಾರೆ. ದನಕ್ಕೆ ಕೃತಕ ಗರ್ಭಧಾರಣೆ ಮಾಡಿಸಿದ ದಿನ ಕ್ಯಾಲೆಂಡರಿನಲ್ಲಿ ಗುರುತಾಗಿರುತ್ತದೆ, ಗೋಡೆಯ ಅದೇ ಕ್ಯಾಲೆಂಡರಿನಲ್ಲಿ ಆಡಿಗೆ ಒಂದು ಚುಕ್ಕೆಯೂ ಇಲ್ಲ. ಈ ಒಂದು ಚುಕ್ಕೆಯ ಬೆಲೆ ಏನೆಂದು ಗೊತ್ತಾಗುವುದು ಆಡು ಬಿದ್ದ ದಿನ. ಗರ್ಭನಂಜು ಹಿಡಿದ ಆಡನ್ನು ಉಳಿಸುವ ಖಚಿತ ದಾರಿಗಳಲ್ಲಿ ಒಂದು ಮರಿಗಳನ್ನು ಬೇಗ ಹೊರತರುವುದು. ಆಡಿನಲ್ಲಿ ಗರ್ಭ ಕೊನೆಯವರೆಗೂ ನಿಂತಿರುವುದು ಅಂಡಾಶಯದ ಹಾರ್ಮೋನಿನ ಬಲದ ಮೇಲೆ. ಅದನ್ನು ನಿಲ್ಲಿಸುವ ಚುಚ್ಚುಮದ್ದು ಕೊಟ್ಟರೆ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಈಯುತ್ತದೆ. ಆದರೆ 140 ದಿನ ತುಂಬದ ಮರಿಗೆ ಉಸಿರಾಡುವ ಶ್ವಾಸಕೋಶವೇ ಸಿದ್ಧವಾಗಿರುವುದಿಲ್ಲ. ಇವತ್ತು 130ನೇ ದಿನವೋ 145ನೇ ದಿನವೋ ಎಂದು ಮನೆಯವರಿಗೇ ಗೊತ್ತಿಲ್ಲದಿದ್ದರೆ ವೈದ್ಯರು ಯಾವ ಧೈರ್ಯದಲ್ಲಿ ಸೂಜಿ ಎತ್ತಬೇಕು? ಕಾದರೆ ತಾಯಿ ಹೋಗುತ್ತದೆ, ಆತುರಪಟ್ಟರೆ ಮರಿ ಹೋಗುತ್ತದೆ. ಆಮೇಲೆ “ಡಾಕ್ಟ್ರು ಬಂದೂ ಉಳೀಲಿಲ್ಲ, ನಾ ಮೊದ್ಲೇ ಹೇಳಿದ್ದೆ” ಎನ್ನುವವರು ಬೇಲಿಯಾಚೆ ಇದ್ದೇ ಇರುತ್ತಾರೆ.

ನಿರ್ಲಕ್ಷ್ಯಕ್ಕೆ ಒಂದು ತಮ್ಮನಿದ್ದಾನೆ: ಅತಿ ಮಮತೆ. ಗಬ್ಬದ ಆಡು ಸೊರಗಿದೆ ಎಂದು ಯಾರಿಗಾದರೂ ಒಮ್ಮೆಲೇ ಕನಿಕರ ಹುಟ್ಟಿದರೆ ಅದು ಪ್ರಕಟವಾಗುವುದು ಅನ್ನದ ರೂಪದಲ್ಲಿ. ಮದುವೆಮನೆಯಲ್ಲಿ ಉಳಿದ ಅನ್ನ, ಪಾಯಸದ ಪಾತ್ರೆಯ ತಳ, ಕುಚ್ಚಲಕ್ಕಿಯ ಗಂಜಿ ಬಕೆಟ್ ತುಂಬ. ಮೇ, ಜೂನ್ ತಿಂಗಳಲ್ಲಾದರೆ ಹಲಸಿನ ಹಣ್ಣು; ಮರದಡಿ ಬಿದ್ದು ಒಡೆದದ್ದನ್ನು ಆಡು ತಾನೇ ಹೋಗಿ ತಿನ್ನುತ್ತದೆ, ತಿಂದರೆ ತಿನ್ನಲಿ ಎಂದು ಮನೆಯವರೂ ಸುಮ್ಮನಿರುತ್ತಾರೆ. ಹಲಸಿನ ಸೊಪ್ಪು ಆಡಿಗೆ ಅಮೃತ, ಹಣ್ಣಿನ ರಾಶಿ ವಿಷ. ಹಿಟ್ಟು ಸಕ್ಕರೆ ಒಮ್ಮೆಗೇ ಮೇವಿನ ಚೀಲಕ್ಕೆ ಬಿದ್ದರೆ ಅಲ್ಲಿ ಹುಳಿ ಏರಿ, ಸೊಪ್ಪು ಜೀರ್ಣಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಹೊಟ್ಟೆಯುಬ್ಬರ, ಹುಳಿ ವಾಸನೆಯ ಭೇದಿ, ನಿತ್ರಾಣ. ಸಾಮಾನ್ಯ ಆಡು ತಡೆದುಕೊಂಡರೂ ಐದನೇ ತಿಂಗಳ ಗಬ್ಬದ ಆಡು ಒಂದೆರಡು ದಿನ ಮೇವು ಬಿಟ್ಟಿತೆಂದರೆ ನೇರ ಗರ್ಭನಂಜಿನ ಬಾಗಿಲಿಗೆ ಬರುತ್ತದೆ. ಜಡ್ಕಲ್, ಮುದೂರಿನ ಕಡೆ ರಬ್ಬರ್ ತೋಟ, ಮರಗೆಣಸಿನ ಹಿತ್ತಲು ಇರುವಲ್ಲಿ ಇನ್ನೊಂದು ಅಪಾಯ: ಆ ಎರಡು ಗಿಡಗಳ ಎಲೆಯಲ್ಲೂ ಸಯನೈಡ್ ಹುಟ್ಟಿಸುವ ಅಂಶವಿದೆ, ಗಬ್ಬದ ಆಡಿಗೆಂದಲ್ಲ, ಯಾವ ಆಡಿಗೂ ಹಸಿಯಾಗಿ ಹಾಕುವಂತಿಲ್ಲ.

ಕೊಬ್ಬಿದ ಆಡಿನ ಮಾತೂ ಬಂತು. ಕಡಿಮೆ ತಿನ್ನಿಸಿ ಎನ್ನುವವರ ಮಾತಿನಲ್ಲಿ ಸತ್ಯದ ಒಂದು ಚೂರಿದ್ದರೆ ಅದು ಇಲ್ಲಿ. ಮೊದಲ ಮೂರು ತಿಂಗಳಲ್ಲಿ ತಿಂದು ತಿಂದು ಕೊಬ್ಬಿದ ಆಡು ಗರ್ಭನಂಜಿಗೆ ಬಡಕಲು ಆಡಿನಷ್ಟೇ ಸುಲಭದ ತುತ್ತು. ಬೆನ್ನೆಲುಬಿನ ಮೇಲೆ ಕೈಯಾಡಿಸಿದರೆ ಎಲುಬು ಚುಚ್ಚಬಾರದು, ಹುಡುಕಿದರೂ ಸಿಗದಷ್ಟು ಮುಚ್ಚಿಹೋಗಲೂಬಾರದು. ಹಾಗಾಗಿ ಕಡಿಮೆ ಮಾಡುವುದಿದ್ದರೆ ಮೊದಲ ಮೂರು ತಿಂಗಳಲ್ಲಿ ಮಾಡಿ, ಕೊನೆಯ ಎರಡು ತಿಂಗಳಲ್ಲಿ ಏರಿಸಿ. ಊರು ಮಾಡುವುದು ಇದಕ್ಕೆ ಸರಿಯಾಗಿ ಉಲ್ಟಾ. ಕೊನೆಯ ಎರಡು ತಿಂಗಳಲ್ಲಿ ಆಡಿಗೆ ಬೇಕಾದದ್ದು ಹಲಸು, ಹಾಲವಾಣ, ಅಗಸೆ, ಗ್ಲಿರಿಸಿಡಿಯಾ, ನುಗ್ಗೆಯ ಎಳೆ ಸೊಪ್ಪು ಹೊಟ್ಟೆ ತುಂಬ. ಅದರ ಮೇಲೆ ತೌಡು, ನೆಲಗಡಲೆ ಹಿಂಡಿ, ಬೇಯಿಸಿದ ಹುರುಳಿ, ಸ್ವಲ್ಪ ಖನಿಜ ಮಿಶ್ರಣ ಸೇರಿಸಿ ದಿನಕ್ಕೆ ಕಾಲು ಕಿಲೋದಿಂದ ಶುರುಮಾಡಿ 400 ಗ್ರಾಂವರೆಗೆ, ಬೆಳಿಗ್ಗೆ ಸಂಜೆ ಹಂಚಿ, ಒಂದೇ ದಿನದಲ್ಲಲ್ಲ, ವಾರಗಟ್ಟಲೆಯಲ್ಲಿ ಏರಿಸಿದರೆ ಮೂವತ್ತು ಕಿಲೋದ ಆಡಿಗೆ ಧಾರಾಳ. ಮತ್ತು ದಿನಾ ಅರ್ಧ ಗಂಟೆ ನಡೆಸಬೇಕು. ಇಷ್ಟೇ ಬಯಕೆಯೂಟ. ಇದರಲ್ಲಿ ಹಿತ್ತಲಿನಿಂದ ಬಾರದ್ದು ಹಿಂಡಿ, ಹುರುಳಿ, ಖನಿಜದ ಪುಡಿ ಮಾತ್ರ.

ಇನ್ನು ಬಾಟಲಿ ಮತ್ತು ಸೂಜಿಯ ಪಂಥ. ಒಂದೂವರೆ ತಿಂಗಳು ಕಣ್ಣು ಮುಚ್ಚಿ ಕೂತವರಿಗೆ ಆಡು ಬಿದ್ದ ಕೂಡಲೇ ವಿಪರೀತ ಚಟುವಟಿಕೆ. ಒಬ್ಬರು ಗೊಟ್ಟ ಹಿಡಿದು ಶುಂಠಿ ಬೆಲ್ಲದ ಕಷಾಯ ಹೊಯ್ಯುತ್ತಾರೆ. ತಲೆಯೆತ್ತಲಾರದ ಆಡಿನ ಬಾಯಿಗೆ ಹೊಯ್ದದ್ದು ಅರ್ಧ ಶ್ವಾಸಕೋಶಕ್ಕೆ ಇಳಿಯುತ್ತದೆ, ಗರ್ಭನಂಜಿಗೆ ನ್ಯುಮೋನಿಯಾ ಜತೆಯಾಗುತ್ತದೆ. ಬೆಲ್ಲವೂ ಸಕ್ಕರೆಯಲ್ಲವೇ, ಕೊರತೆ ಸಕ್ಕರೆಯದೇ ತಾನೇ ಎನ್ನಬಹುದು. ಮನುಷ್ಯರಂತೆ ಆಡಿನಲ್ಲಿ ಬಾಯಿಗೆ ಹಾಕಿದ ಸಕ್ಕರೆ ನೇರ ರಕ್ತಕ್ಕೆ ಹೋಗುವುದಿಲ್ಲ. ಮೇವಿನ ಚೀಲದ ಜೀವಾಣುಗಳು ಮೊದಲು ಅದನ್ನು ಹುಳಿಯಾಗಿಸುತ್ತವೆ. ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ವೈದ್ಯರು ಹೇಳುವುದು ಅದಕ್ಕೇ. ಅದರಲ್ಲಿ ಒಂದು ಪಾಲು ಆ ಜೀವಾಣುಗಳಿಂದ ತಪ್ಪಿಸಿಕೊಂಡು ಯಕೃತ್ತಿಗೆ ಹೋಗಿ ಅಲ್ಲಿ ಸಕ್ಕರೆಯಾಗುತ್ತದೆ. ಆಡು ಇನ್ನೂ ನಿಂತಿರುವಾಗ, ನುಂಗುತ್ತಿರುವಾಗ ಕೊಟ್ಟರೆ ಅದು ಕೆಲಸ ಮಾಡುತ್ತದೆ. ಬಿದ್ದ ಮೇಲೆ ರಕ್ತನಾಳಕ್ಕೆ ಡೆಕ್ಸ್ಟ್ರೋಸ್ ಬೇಕು, ಆಗಲೂ ಉಳಿಯುವ ಭರವಸೆ ಕಡಿಮೆ. ಮೂತ್ರದ ಕೀಟೋನ್ ನೋಡುವ ಪಟ್ಟಿ ಮಧುಮೇಹಿಗಳಿಗೆಂದು ಔಷಧದಂಗಡಿಯಲ್ಲಿ ಸಿಗುತ್ತದೆ. ಮೇವು ಬಿಟ್ಟ ಮೊದಲ ದಿನವೇ ಒಂದು ಪಟ್ಟಿಯನ್ನು ಆಡಿನ ಮೂತ್ರಕ್ಕೆ ಹಿಡಿದಿದ್ದರೆ ದೃಷ್ಟಿಯೋ ನಂಜೋ ಎಂಬ ವಾದ ನಿಮಿಷದಲ್ಲಿ ಮುಗಿಯುತ್ತಿತ್ತು.

ಇನ್ನೊಬ್ಬರು ಫೋನು ಹಚ್ಚಿ ಸೂಜಿ ಹಾಕುವವನನ್ನು ಕರೆಸುತ್ತಾರೆ. ಪಶುವೈದ್ಯರನ್ನಲ್ಲ, ಸೂಜಿ ಹಾಕುವವನನ್ನು. ಅವನ ಚೀಲದಲ್ಲಿ ನೋವು ಬರಿಸುವ ಆಕ್ಸಿಟೋಸಿನ್ ಇರುತ್ತದೆ. ಗರ್ಭಕೋಶದ ಬಾಯಿ ತೆರೆದಿದೆಯೇ, ಮರಿಯ ಎರಡು ಮುಂಗಾಲು ಮತ್ತು ಮೂತಿ ನೇರ ಬರುತ್ತಿವೆಯೇ, ತಲೆ ಹಿಂದಕ್ಕೆ ತಿರುಗಿದೆಯೇ, ಎರಡು ಮರಿಯ ಕಾಲು ಹೆಣೆದುಕೊಂಡಿದೆಯೇ ಎಂದು ನೋಡದೆ ಆ ಸೂಜಿ ಹಾಕಿದರೆ ಮುಚ್ಚಿದ ಬಾಗಿಲಿಗೆ ಒಳಗಿನಿಂದ ಗುದ್ದಿಸಿದಂತಾಗಿ ಗರ್ಭಕೋಶವೇ ಹರಿಯಬಹುದು. ಕೆಲವು ಆಡುಗಳಲ್ಲಿ ಗರ್ಭಕೋಶದ ಬಾಯಿ ಬಳೆಯಂತೆ ಬಿಗಿದು ನಿಂತು ತೆರೆಯುವುದೇ ಇಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಗತಿ. ಕ್ಯಾಲ್ಸಿಯಂ ಬಾಟಲಿಯದೂ ಇದೇ ಕತೆ. ಕೊನೆಯ ದಿನಗಳಲ್ಲಿ ಕ್ಯಾಲ್ಸಿಯಂ ಕೊರತೆಯಿಂದ ಆಡು ಬೀಳುವುದುಂಟು, ಸರಿಯಾಗಿ ಕೊಟ್ಟರೆ ಎದ್ದು ನಿಲ್ಲುವುದೂ ಉಂಟು. ಆತುರದಲ್ಲಿ ರಕ್ತನಾಳಕ್ಕೆ ಹರಿಸಿದರೆ ಹೃದಯ ನಿಲ್ಲುತ್ತದೆ. ಆಡು ಜೋರಾಗಿ ಮುಕ್ಕಲು ಶುರುಮಾಡಿ ಅರ್ಧ ಗಂಟೆಯಾದರೂ ಏನೂ ಮುಂದುವರಿಯದಿದ್ದರೆ ವೈದ್ಯರಿಗೆ ಕರೆ ಹೋಗಬೇಕು. ನಮ್ಮಲ್ಲಿ ಆ ಕರೆ ಹೋಗುವುದು ಮರುದಿನ ಬೆಳಿಗ್ಗೆ, ಅಷ್ಟರಲ್ಲಿ ಮೂರು ಜನ ಎಳೆದು ಮುಗಿಸಿರುತ್ತಾರೆ.

ಈಯುವ ಮೊದಲೇ ಮಲಗಿದಾಗ ಹಿಂಭಾಗದಿಂದ ಕೆಂಪು ಮಾಂಸದ ಉಂಡೆ ಹೊರಬರುವ ತೊಂದರೆಗೂ ನಮ್ಮ ಅಟ್ಟಕ್ಕೂ ಸಂಬಂಧವಿದೆ. ಮೂತ್ರ ಹರಿದುಹೋಗಲೆಂದು ನೆಲವನ್ನು ಇಳಿಜಾರು ಮಾಡುತ್ತೇವೆ. ಭಾರದ ಹೊಟ್ಟೆಯ ಆಡು ಹಿಂಭಾಗ ತಗ್ಗಿಗೆ ಹಾಕಿ ಮಲಗಿ ಮಲಗಿ ಯೋನಿ ಹೊರಬೀಳುತ್ತದೆ. ಗಬ್ಬದ ಆಡಿಗೆ ಸಮತಟ್ಟಾದ ಒಂದು ಮೂಲೆ ಮಾಡುವುದು ಬಡಗಿಗೆ ಅರ್ಧ ದಿನದ ಕೆಲಸ. ಹೊರಬಂದರೆ ಶುದ್ಧ ನೀರಿನಲ್ಲಿ ತೊಳೆದು, ಬಾವು ಇಳಿಯಲು ಸಕ್ಕರೆ ಪುಡಿ ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ ವೈದ್ಯರಿಗಾಗಿ ಕಾಯಬೇಕು. ಗೋಣಿ ಹೊಲಿಯುವ ದಬ್ಬಳ ತರಬಾರದು. ತರುವವರು ಇದ್ದಾರೆ.

ಮಳೆಯ ಮಾತಿಲ್ಲದೆ ಈ ಕರಾವಳಿಯಲ್ಲಿ ಆಡಿನ ಮಾತು ಪೂರ್ತಿಯಾಗುವುದಿಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುತ್ತದೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಹೋತವನ್ನು ವರ್ಷವಿಡೀ ಹಿಂಡಿನಲ್ಲೇ ಬಿಟ್ಟವರ ಆಡು ಫೆಬ್ರವರಿ, ಮಾರ್ಚಿನಲ್ಲಿ ಗಬ್ಬವಾದರೆ ಸರಿಯಾಗಿ ಆಸಾಡಿಯ ಹೊತ್ತಿಗೆ ಈಯಬೇಕು. ಕೊನೆಯ ಆರು ವಾರ ಅದು ಹಟ್ಟಿಯಿಂದ ಹೊರಗೆ ಕಾಲಿಡುವುದಿಲ್ಲ. ಸೊಪ್ಪು ತರುವವರು ಗೊರಬು ಹೊದ್ದು ತಂದದ್ದು ಅರ್ಧ ನೀರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವುದರಿಂದ ಗಂಗೊಳ್ಳಿ, ಕೋಡಿ, ಉಪ್ಪುಂದದ ಎಷ್ಟೋ ಮನೆಗಳಲ್ಲಿ ಕೈಯಲ್ಲಿ ಕಾಸಿಲ್ಲ. ಹಿಂಡಿ ನಿಲ್ಲುವುದು ಅಂಥ ತಿಂಗಳಲ್ಲೇ. ರಕ್ತ ಹೀರುವ ಜಂತುಹುಳ ವಿಜೃಂಭಿಸುವುದೂ ಆಗಲೇ. ಒಂದು ಹುಳ ದಿನಕ್ಕೆ 0.05 ಮಿ.ಲೀ. ರಕ್ತ ಕುಡಿಯುತ್ತದೆ, ಸಾವಿರ ಹುಳವೆಂದರೆ 50 ಮಿ.ಲೀ. ಈಯುವ ಆಸುಪಾಸಿನಲ್ಲಿ ತಾಯಿಯ ನಿರೋಧಶಕ್ತಿ ಸಡಿಲವಾಗಿ ಅವುಗಳಿಗೆ ಹಬ್ಬ. ಕೆಳಗಿನ ಕಣ್ಣುರೆಪ್ಪೆ ಮಗುಚಿ ನೋಡಿದರೆ ಕೆಂಪಿದೆಯೋ ಬಿಳಿಚಿದೆಯೋ ಯಾರಿಗೂ ಕಾಣುತ್ತದೆ. ಆದರೆ “ಗಬ್ಬದ ಆಡಿಗೆ ಜಂತಿನ ಮದ್ದು ಹಾಕಬಾರದು, ಕಂದು ಹಾಕುತ್ತದೆ, ಗರ್ಭ ಬೀಳುತ್ತದೆ” ಎಂಬ ಇನ್ನೊಂದು ಸುಭಾಷಿತ ಅಡ್ಡ ಬರುತ್ತದೆ. ಆಲ್ಬೆಂಡಜೋಲ್‌ನಂಥ ಕೆಲವನ್ನು ಗರ್ಭದ ಮೊದಲ ದಿನಗಳಲ್ಲಿ ಕೊಡಬಾರದು ಎಂಬುದು ನಿಜ. ಗಬ್ಬದಲ್ಲಿ ಕೊಡಬಹುದಾದ ಫೆನ್‌ಬೆಂಡಜೋಲ್‌ನಂಥ ಮದ್ದೂ ಇದೆ. ಒಂದು ಮದ್ದಿನ ನಿಷೇಧವನ್ನು ಎಲ್ಲಕ್ಕೂ ಹಬ್ಬಿಸಿ ಐದು ತಿಂಗಳು ಹುಳಕ್ಕೆ ಆಡನ್ನು ಒಪ್ಪಿಸುತ್ತೇವೆ. ಲಸಿಕೆಯದೂ ಹಾಗೆಯೇ. ಕರುಳುಬೇನೆಯ ಲಸಿಕೆಯನ್ನು ಈಯುವುದಕ್ಕೆ ಸುಮಾರು ಒಂದು ತಿಂಗಳು ಮೊದಲು ಹಾಕಿಸಿದರೆ ಗಿಣ್ಣಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ಆ ಲಸಿಕೆಯ ಅರ್ಧ ಉದ್ದೇಶವೇ ಅದು. ಲಸಿಕೆಯವರು ಬಂದರೆ ಗಬ್ಬದ ಆಡನ್ನು ಮಾತ್ರ ಹಿತ್ತಲಿಗೆ ಸಾಗಿಸಿ ಅಡಗಿಸುವವರನ್ನು ನೋಡಿ ನಗಬೇಕೋ ಅಳಬೇಕೋ. ಜೂನ್‌ನಲ್ಲಿ ಹೋತಕ್ಕೆ ಕೊಟ್ಟರೆ ನವೆಂಬರ್‌ನಲ್ಲಿ ಈಯುತ್ತದೆ. ಹಸುರು ಇನ್ನೂ ಇರುತ್ತದೆ, ಮಳೆ ಹೋಗಿರುತ್ತದೆ, ಮರಿ ಒಣ ನೆಲಕ್ಕೆ ಬೀಳುತ್ತದೆ. ಇದಕ್ಕೆ ಬೇಕಾದದ್ದು ಹೋತವನ್ನು ಬೇರೆ ಕಟ್ಟುವ ಒಂದು ಹಗ್ಗ.

ಸಾಕುವವರನ್ನು ಮಾತ್ರ ಬೈದು ಮುಗಿಸಿದರೆ ಅದು ಅನ್ಯಾಯ. ಆಡಿಗೆ ಆರೈಕೆ ಬೇಡ ಎಂಬ ನಂಬಿಕೆಯನ್ನು ಸಾಲ ಕೊಡುವವರು, ಯೋಜನೆ ಬರೆಯುವವರು, ಮೊಬೈಲಿನಲ್ಲಿ ಆಡಿನ ಲಾಭದ ಲೆಕ್ಕ ಹೇಳುವವರು ಎಲ್ಲ ಸೇರಿ ನೀರೆರೆದು ಬೆಳೆಸಿದ್ದಾರೆ. “ಬಡವರ ಹಸು” ಎಂದು ಕರೆಯುವುದೇ ಖರ್ಚಿಲ್ಲದ ಹಸು ಎಂಬ ಅರ್ಥದಲ್ಲಿ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ 61 ಲಕ್ಷಕ್ಕೂ ಹೆಚ್ಚು ಆಡುಗಳಿದ್ದವು. ರಾಷ್ಟ್ರೀಯ ಜಾನುವಾರು ಮಿಷನ್ 500 ಆಡುಗಳ ಫಾರಂಗೆ 50 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. ನರೇಗಾದಲ್ಲಿ ಶೆಡ್‌ಗಳಿಗೆ ಹಣ ಸಿಕ್ಕಿದೆ. ಆಡು ಸತ್ತ ಮೇಲೆ ಪರಿಹಾರ ಕೊಡಲು ರಾಜ್ಯದಲ್ಲಿ ‘ಅನುಗ್ರಹ’ ಎಂಬ ಯೋಜನೆಯೇ ಇದೆ. ಖರೀದಿಗೆ ಹಣವಿದೆ, ಗೋಡೆಗೆ ಹಣವಿದೆ, ಹೆಣಕ್ಕೆ ಹಣವಿದೆ. ಎರಡು ಆಡು ಸಾಕಿದ ಮನೆಯ ಹೆಂಗಸಿಗೆ ಗಬ್ಬದ ಕೊನೆಯ ಆರು ವಾರದ ಹದಿನೈದು ಕಿಲೋ ಹಿಂಡಿಯ ವಿಚಾರ ಬಂದಾಗ ಮಾತ್ರ ಎಲ್ಲರೂ ಮೌನ. ದಕ್ಷಿಣ ಕನ್ನಡ ಹಾಲು ಒಕ್ಕೂಟ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಹಳ್ಳಿಹಳ್ಳಿಯಲ್ಲಿ ಸೊಸೈಟಿ ಕಟ್ಟಿದ್ದರಿಂದಲೇ ಹಸುವಿಗೆ ಹಿಂಡಿ, ವಿಮೆ, ವೈದ್ಯರು ಮನೆಬಾಗಿಲಿಗೆ ಬಂದದ್ದು. ಹಸುವಿಗೆ ಪುಣ್ಯಕ್ಕಿಂತ ಹೆಚ್ಚಾಗಿ ಪಾಸ್‌ಬುಕ್ ರಕ್ಷಣೆ ಕೊಟ್ಟಿದೆ. ದಿನಾ ಹಾಲು ಅಳೆಯದ ಆಡಿಗೆ ಪಾಸ್‌ಬುಕ್ ಇಲ್ಲ.

“ಡಾಕ್ಟ್ರ ಖರ್ಚು ಆಡಿಗಿಂತ ಹೆಚ್ಚು” ಎಂಬ ಮಾತಿಗೂ ಉತ್ತರ ಕೊಡಬೇಕು, ಏಕೆಂದರೆ ಅದು ಸೋಮಾರಿತನದ ಮಾತಲ್ಲ. ಮಧ್ಯರಾತ್ರಿ ಸಿದ್ದಾಪುರದಾಚೆಯ ಹೊಸಂಗಡಿಗೋ ಕೊಲ್ಲೂರಿನ ಕಾಡಂಚಿಗೋ ಖಾಸಗಿಯಾಗಿ ವೈದ್ಯರನ್ನು ಕರೆಸಿ ಹೊಟ್ಟೆ ಕೊಯ್ಸಿ ಮರಿ ತೆಗೆಸುವುದು ಕೂಲಿಯವರ ಮನೆಗೆ ಎಟುಕುವ ಮಾತಲ್ಲ. ಆದರೆ ಆ ಲೆಕ್ಕ ಕೊನೆಯ ರಾತ್ರಿಯದು. ಅದನ್ನು ತೋರಿಸಿ ಮೊದಲಿನ ನಲವತ್ತು ದಿನಗಳ ಸೊಪ್ಪು, ಹುರುಳಿ, ಒಂದು ಚುಕ್ಕೆ, ಒಂದು ಪಟ್ಟಿಯನ್ನೂ ದುಬಾರಿ ಎನ್ನುವುದು ಲೆಕ್ಕದ ಮೋಸ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ವ್ಯವಸ್ಥೆಯಿದೆ. ಸಂಜೀವಿನಿ ಒಕ್ಕೂಟಗಳಲ್ಲಿ ಪಶು ಸಖಿಯರೆಂದು ಊರಿನ ಹೆಂಗಸರಿಗೇ ತರಬೇತಿ ಕೊಡುತ್ತಾರೆ. ಆ ತರಬೇತಿಯ ಚೀಲದಲ್ಲಿ ಕೀಟೋನ್ ಪಟ್ಟಿ ಹಾಕಿ, ಹೋತಕ್ಕೆ ಕೊಟ್ಟ ದಿನ ಬರೆಯುವ ಪುಟ್ಟ ಪುಸ್ತಕ ಹಾಕಿ. ಸ್ವಸಹಾಯ ಸಂಘ ಆಡಿಗೆ ಸಾಲ ಕೊಡುವಾಗ ಕೊನೆಯ ಆರು ವಾರದ ಹಿಂಡಿಯನ್ನೂ ಸಾಲದೊಳಗೇ ಸೇರಿಸಿ, ಮರಿ ಮಾರಿದ ಮೇಲೆ ವಸೂಲು ಮಾಡಲಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಿಂದ ಆಳದ ಹಳ್ಳಿಯವರೆಗೆ ಈ ಮಾತು ತಲುಪಿಸಲು ಹೊಸ ಕಟ್ಟಡ ಬೇಕಿಲ್ಲ.

ಕೊನೆಯದಾಗಿ, ಯಾರೂ ಬಾಯಿಬಿಟ್ಟು ಹೇಳದ ಒಂದು ರೂಢಿ. ಆಡು ಕಂದು ಹಾಕಿತು ಎಂದಿಟ್ಟುಕೊಳ್ಳಿ, ನಾಲ್ಕನೇ ತಿಂಗಳಲ್ಲೇ ಸತ್ತ ಮರಿ ಬಿತ್ತು. ಮನೆಯಾಕೆ ಬರಿಗೈಯಲ್ಲಿ ಅದನ್ನು, ಮಾಸನ್ನು ಎತ್ತಿ ತೋಟಕ್ಕೆ ಎಸೆಯುತ್ತಾಳೆ, ನಾಯಿ ಎಳೆದಾಡುತ್ತದೆ. ಮರುವಾರ ಆಡು ಸಂತೆಯಲ್ಲಿರುತ್ತದೆ, “ಒಳ್ಳೆ ಮಲಬಾರಿ, ಗಬ್ಬ ನಿಲ್ಲತ್ತ್” ಎಂಬ ಮಾತಿನೊಂದಿಗೆ. ಕೊಂಡವನ ಹಿಂಡಿನಲ್ಲಿ ಎರಡು ತಿಂಗಳಿಗೆ ಇನ್ನೆರಡು ಕಂದು ಹಾಕುತ್ತವೆ. ಕಂದು ಹಾಕಲು ಹಗ್ಗಕ್ಕೆ ಸಿಕ್ಕಿಕೊಂಡದ್ದು, ಗುದ್ದು ಬಿದ್ದದ್ದು ಕಾರಣವಿರಬಹುದು. ಬ್ರುಸೆಲ್ಲಾ, ಕ್ಲಮೈಡಿಯಾ, ಕ್ಯೂ ಜ್ವರದ ರೋಗಾಣುವೂ ಇರಬಹುದು. ಇವು ಮನುಷ್ಯರಿಗೂ ಹಿಡಿಯುತ್ತವೆ. ಆಡಿನ ಬ್ರುಸೆಲ್ಲಾ ಮನುಷ್ಯನಿಗೆ ಬಂದರೆ ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು. ಬಸುರಿಗೆ ತಗುಲಿದರೆ ಗರ್ಭಕ್ಕೇ ಅಪಾಯ. ಕಾಯಿಸದ ಹಾಲಿನಿಂದಲೂ ಬರುತ್ತದೆ. ಆದ್ದರಿಂದ ಬಿದ್ದದ್ದನ್ನು ಪ್ಲಾಸ್ಟಿಕ್ ಕೈಗವಸು ತೊಟ್ಟು ಎತ್ತಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು, ಮನೆಯಲ್ಲಿ ಬಸುರಿಯರಿದ್ದರೆ ಅವರನ್ನು ಹಟ್ಟಿಯ ಹತ್ತಿರ ಬಿಡಬಾರದು, ಆಡನ್ನು ಹಿಂಡಿನಿಂದ ಬೇರೆ ಕಟ್ಟಿ ಹತ್ತಿರದ ಪಶು ಆಸ್ಪತ್ರೆಯವರಿಂದ ರಕ್ತದ ಮಾದರಿ ತೆಗೆಸಬೇಕು, ವರದಿ ಬರುವವರೆಗೆ ಹಾಲು ಕರೆಯಬಾರದು, ಮಾರಲೂಬಾರದು. ಮಾರುವವರು ಕೇಳುವ ಪ್ರಶ್ನೆ ಒಂದೇ: “ಅಷ್ಟು ದಿನ ಅದಕ್ಕೆ ಯಾರು ಹಾಕುವುದು?” ಆಡಿಗೆ ಖರ್ಚೇ ಇಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವರ ಬಾಯಲ್ಲೇ ಈ ಪ್ರಶ್ನೆ ಬರುತ್ತದೆ.